ಬೆಕ್ಕಿಗೆ ಲಸಿಕೆ ಹಾಕಿಸುವುದು ಹೇಗೆ: ಚಿಕ್ಕಬಳ್ಳಾಪುರ ಕಡೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆ ರಾಗಿ ಮೂಟೆ ಇರುವ ಮನೆಯಲ್ಲಿ ಇಲಿ ಇರುತ್ತದೆ, ಇಲಿ ಇರುವ ಮನೆಯಲ್ಲಿ ಬೆಕ್ಕು ಇರುತ್ತದೆ. ಹಸುವಿಗೆ ಕಾಲುಬಾಯಿ ಜ್ವರದ ಲಸಿಕೆ ಯಾವಾಗ ಬರುತ್ತದೆ ಎಂದು ಕಾಯುವ ಮನೆಯಲ್ಲೇ, ಮೂರು ತಿಂಗಳ ಬೆಕ್ಕಿನ ಮರಿ ಎರಡು ದಿನ ವಾಂತಿ ಮಾಡಿ ಸತ್ತರೆ ‘ಏನೋ ತಿಂದುಬಿಟ್ಟಿತ್ತು’ ಎಂದು ಮಾತು ಮುಗಿಯುತ್ತದೆ. ಅಂಥ ಮರಿಗಳಲ್ಲಿ ಎಷ್ಟೋ ತಿಂದದ್ದರಿಂದ ಸತ್ತವಲ್ಲ. ಲಸಿಕೆಯಿಂದ ತಡೆಯಬಹುದಾದ ರೋಗದಿಂದ ಸತ್ತವು.

ಲಸಿಕೆ ಹಾಕಿಸುವವರಲ್ಲೂ ಎರಡು ಕೊರತೆ ಸಾಮಾನ್ಯ. ಒಂದು, ರೇಬೀಸ್ ಚುಚ್ಚುಮದ್ದು ಮಾತ್ರ ಹಾಕಿಸಿ ಎಲ್ಲ ಆಯಿತು ಎಂದುಕೊಳ್ಳುವುದು. ಇನ್ನೊಂದು, ಮರಿಗೆ ಮೊದಲ ಡೋಸ್ ಹಾಕಿಸಿ, ಮುಂದಿನ ಡೋಸಿನ ಹೊತ್ತಿಗೆ ‘ಚೆನ್ನಾಗೇ ಇದೆಯಲ್ಲ’ ಎಂದು ಬಿಟ್ಟುಬಿಡುವುದು. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಮರಿಗಳನ್ನು ಕೊಲ್ಲುತ್ತದೆ. ಇಡೀ ಸರಣಿಯಲ್ಲಿ ಮುಖ್ಯವಾದದ್ದು ಮರಿಗೆ 16 ವಾರ ತುಂಬಿದ ಮೇಲೆ ಬೀಳುವ ಡೋಸ್. ಉಳಿದದ್ದೆಲ್ಲ ಅಲ್ಲಿಯವರೆಗೆ ಮರಿಯನ್ನು ಉಳಿಸಿಕೊಳ್ಳುವ ಏರ್ಪಾಡು.

ಯಾವ ರೋಗಗಳಿಗೆ ಲಸಿಕೆ

ಬೆಕ್ಕಿಗೆ ಬೇಕೇ ಬೇಕಾದವು ಎರಡು ಚುಚ್ಚುಮದ್ದು: ಮೂರು ರೋಗಗಳಿಗೆ ಸೇರಿಸಿ ಕೊಡುವ ತ್ರಿವಳಿ ಲಸಿಕೆ ಮತ್ತು ರೇಬೀಸ್ ಲಸಿಕೆ. ಮೊದಲನೆಯದನ್ನು ಪೆಟ್ ಕ್ಲಿನಿಕ್‌ಗಳಲ್ಲಿ ‘ಟ್ರೈಕ್ಯಾಟ್’ ಎಂದು ಕೇಳಿದರೆ ಅರ್ಥವಾಗುತ್ತದೆ. ಅದು ಒಂದು ಬ್ರ್ಯಾಂಡಿನ ಹೆಸರು, ಬೇರೆ ಕಂಪನಿಗಳದ್ದೂ ನಡೆಯುತ್ತದೆ.

ಆ ಮೂರರಲ್ಲಿ ಭಯಂಕರವಾದದ್ದು ಪ್ಯಾನ್‌ಲ್ಯುಕೋಪೀನಿಯಾ. ಬೆಕ್ಕಿನ ಪಾರ್ವೋ ಎಂದೂ ಕರೆಯುತ್ತಾರೆ. ವೈರಸ್ ಒಳಹೊಕ್ಕ 2ರಿಂದ 10 ದಿನದೊಳಗೆ ಜ್ವರ ಬರುತ್ತದೆ, ಮರಿ ಊಟ ಬಿಡುತ್ತದೆ, ನೊರೆನೊರೆಯಾಗಿ ಅಥವಾ ಹಳದಿಯಾಗಿ ವಾಂತಿ ಮಾಡುತ್ತದೆ, ಆಮೇಲೆ ಭೇದಿ. ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿಕೊಂಡು ಕೂತೇ ಇರುತ್ತದೆ, ಕುಡಿಯಲಾಗುವುದಿಲ್ಲ. ವೈರಸ್ ಕರುಳಿನ ಒಳಪದರ ಮತ್ತು ಮೂಳೆಯ ಮಜ್ಜೆ ಎರಡನ್ನೂ ಹಾಳು ಮಾಡುವುದರಿಂದ ಬಿಳಿ ರಕ್ತಕಣಗಳು ಕುಸಿದು, ಬೇರೆ ಸೋಂಕು ತಡೆಯುವ ಶಕ್ತಿಯೂ ಹೋಗುತ್ತದೆ. ಚಿಕಿತ್ಸೆ ಸಿಗದ ಮರಿ ಉಳಿಯುವುದು ಅಪರೂಪ. ಈ ವೈರಸ್ ಮನೆಯ ನೆಲ, ಗೋಣಿಚೀಲ, ಚಪ್ಪಲಿಗಳಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಜೀವಂತ ಇರುತ್ತದೆ. ಹಾಗಾಗಿ ‘ನಮ್ಮ ಬೆಕ್ಕು ಹೊರಗೆ ಹೋಗಲ್ಲ’ ಎನ್ನುವ ಮಾತು ಇದರ ಮುಂದೆ ನಡೆಯುವುದಿಲ್ಲ. ಬೆಕ್ಕು ಹೋಗದಿದ್ದರೆ ನಿಮ್ಮ ಚಪ್ಪಲಿ ಹೋಗಿ ಬರುತ್ತದೆ.

ಉಳಿದೆರಡು, ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್, ಶೀತದ ಜಾತಿಯವು. ಹರ್ಪಿಸ್‌ನಲ್ಲಿ ಸೀನು, ಕಣ್ಣಲ್ಲಿ ಪಿಸುರು, ಕೆಲವು ಮರಿಗಳಿಗೆ ಕಣ್ಣುಗುಡ್ಡೆಯ ಮೇಲೆ ಹುಣ್ಣಾಗಿ ದೃಷ್ಟಿಯೇ ಹೋಗುತ್ತದೆ. ಕ್ಯಾಲಿಸಿಯಲ್ಲಿ ನಾಲಿಗೆ ಮೇಲೆ ಹುಣ್ಣು, ಜೊಲ್ಲು, ಒಮ್ಮೊಮ್ಮೆ ಕುಂಟು. ಇವೆರಡಕ್ಕೆ ಲಸಿಕೆ ರೋಗವನ್ನು ಪೂರ್ತಿ ತಡೆಯುವುದಿಲ್ಲ, ಅದರ ಕಾವು ತಗ್ಗಿಸುತ್ತದೆ. ಲಸಿಕೆ ಹಾಕಿಸಿದ ಬೆಕ್ಕು ಸೀನಿದರೆ ಲಸಿಕೆ ಸುಳ್ಳು ಎಂದುಕೊಳ್ಳಬೇಡಿ.

ಬೆಕ್ಕಿನ ಲ್ಯುಕೇಮಿಯಾ ವೈರಸ್‌ಗೂ ಲಸಿಕೆ ಇದೆ, ಆದರೆ ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ. ಎಂಜಲಿನಿಂದ ಹರಡುವ ರೋಗ ಅದು. ಹೊಸ ಬೆಕ್ಕು ತಂದಾಗ ರಕ್ತಪರೀಕ್ಷೆ ಮಾಡಿಸಿ, ಫಲಿತಾಂಶ ಬರುವವರೆಗೆ ಬಟ್ಟಲು ಬೇರೆ ಇಡುವುದೇ ದಾರಿ.

ಮೊದಲು ಮರಿಯ ವಯಸ್ಸು ಗೊತ್ತು ಮಾಡಿಕೊಳ್ಳಿ

ಒಂದೇ ಡೋಸ್ ಯಾಕೆ ಸಾಲದು? ತಾಯಿಯ ಮೊದಲ ಹಾಲಿನಿಂದ ಮರಿಗೆ ರೋಗನಿರೋಧಕ ಅಂಶ ಬಂದಿರುತ್ತದೆ. ಅದು ರೋಗವನ್ನೂ ತಡೆಯುತ್ತದೆ, ಲಸಿಕೆಯನ್ನೂ ಕೆಲಸ ಮಾಡಗೊಡುವುದಿಲ್ಲ. ಒಂದು ಮರಿಯಲ್ಲಿ ಅದು 8 ವಾರಕ್ಕೇ ಇಳಿದುಹೋಗಬಹುದು, ಅದರ ಒಡಹುಟ್ಟಿದ ಇನ್ನೊಂದರಲ್ಲಿ 16 ವಾರದವರೆಗೂ ಉಳಿಯಬಹುದು. ಹೊರಗಿನಿಂದ ನೋಡಿ ಹೇಳಲಾಗದು. ಅದಕ್ಕೇ ಮೂರು–ನಾಲ್ಕು ವಾರಕ್ಕೊಮ್ಮೆ ಡೋಸ್ ಕೊಡುತ್ತಾ 16 ವಾರ ದಾಟಿಸುವುದು. ಹೀಗಿರುವಾಗ 8 ಮತ್ತು 12 ವಾರಕ್ಕೆ ಎರಡು ಡೋಸ್ ಹಾಕಿಸಿ ನಿಲ್ಲಿಸಿದರೆ, ಕೆಲವು ಮರಿಗಳಿಗೆ ಆ ಎರಡೂ ವ್ಯರ್ಥವಾಗಿರಬಹುದು.

ಅಟ್ಟದ ಮೇಲೆ ಹುಟ್ಟಿದ ಮರಿಯ ದಿನಾಂಕ ಯಾರಿಗೆ ಗೊತ್ತಿರುತ್ತದೆ? ಅಂದಾಜು ಮಾಡಬಹುದು. ಕಣ್ಣು ಬಿಡುವುದು 7ರಿಂದ 14 ದಿನಕ್ಕೆ. ಮುಂದಿನ ಹಾಲುಹಲ್ಲು 2–4 ವಾರಕ್ಕೆ ಮೂಡುತ್ತವೆ. 6–7 ವಾರಕ್ಕೆ ಕಣ್ಣಿನ ನೀಲಿ ಹೋಗಿ ನಿಜವಾದ ಬಣ್ಣ ಬರತೊಡಗುತ್ತದೆ. ಚೆನ್ನಾಗಿ ಹಾಲು ಕುಡಿದ ಮರಿ 8 ವಾರಕ್ಕೆ ಹೆಚ್ಚುಕಡಿಮೆ 800–900 ಗ್ರಾಂ ತೂಗುತ್ತದೆ. ಮುಂದಿನ ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಕಾಣಿಸಿದರೆ ಮೂರೂವರೆ–ನಾಲ್ಕು ತಿಂಗಳು. ಅನುಮಾನ ಬಂದರೆ ವಯಸ್ಸನ್ನು ಕಡಿಮೆ ಎಂದೇ ಲೆಕ್ಕ ಹಿಡಿಯಿರಿ. ಕೊನೆಯ ಡೋಸ್ ಸ್ವಲ್ಪ ತಡವಾದರೆ ತೊಂದರೆಯಿಲ್ಲ, ಬೇಗ ಆದರೆ ಕೆಲಸಕ್ಕೆ ಬಾರದು.

ಒಂದು ಉದಾಹರಣೆ. ಮರಿ ಹುಟ್ಟಿದ್ದು 2026ರ ಜನವರಿ 5 ಎಂದಿಟ್ಟುಕೊಳ್ಳಿ. 8 ವಾರ ತುಂಬುವುದು ಮಾರ್ಚ್ 2ಕ್ಕೆ: ತ್ರಿವಳಿ ಲಸಿಕೆಯ ಮೊದಲ ಡೋಸ್. ಮಾರ್ಚ್ 30ಕ್ಕೆ 12 ವಾರ: ಎರಡನೆಯದು. ರೇಬೀಸ್ ಲಸಿಕೆ 12 ವಾರ ತುಂಬಿದ ಮೇಲೆ ಒಂದು ಡೋಸ್. ಅದೇ ದಿನ ಬೇರೆ ಜಾಗಕ್ಕೆ ಚುಚ್ಚಿಸಬಹುದು. ಏಪ್ರಿಲ್ 27ಕ್ಕೆ 16 ವಾರ: ಮೂರನೆಯದು, ಬಿಡಲೇಬಾರದ್ದು. ವಿಶ್ವ ಸಣ್ಣಪ್ರಾಣಿ ಪಶುವೈದ್ಯರ ಸಂಘದ ಮಾರ್ಗಸೂಚಿ 26 ವಾರದ ಹೊತ್ತಿಗೆ, ಅಂದರೆ ಜುಲೈ 6ರ ನಂತರ, ಇನ್ನೊಂದು ಡೋಸ್ ಹಾಕಿಸಲು ಹೇಳುತ್ತದೆ. 16 ವಾರಕ್ಕೂ ತಾಯಿಯ ಅಂಶ ಇಳಿಯದ ಕೆಲವೇ ಮರಿಗಳಿಗೆ ಅದು ರಕ್ಷಣೆ. ಹಲವು ವೈದ್ಯರು ಇದನ್ನು ವರ್ಷ ತುಂಬಿದಾಗ ಕೊಡುವುದೇ ರೂಢಿ, ನೀವೇ ಕೇಳಿ ಆರು ತಿಂಗಳಿಗೆ ಹಾಕಿಸಿಕೊಂಡರೆ ಒಳ್ಳೆಯದು. ಈ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಗುರುತು ಹಾಕಿ. ಮೊಬೈಲಿನಲ್ಲಿ ಹಾಕಿದ್ದು ಮನೆಯ ಒಬ್ಬರಿಗೆ ಮಾತ್ರ ಕಾಣುತ್ತದೆ.

ಜಂತು, ಚಿಗಟ, ಮತ್ತು ರೇಷ್ಮೆ ಹುಳದ ಮನೆ

ಜಂತುಹುಳದ ಔಷಧ ಲಸಿಕೆಗಿಂತ ಮೊದಲೇ ಶುರುವಾಗಬೇಕು. ದುಂಡುಹುಳು ತಾಯಿಯ ಹಾಲಿನಲ್ಲೇ ಮರಿಗೆ ಬರುತ್ತದೆ. ಮೂರು ವಾರದಿಂದ ಎರಡು ವಾರಕ್ಕೊಮ್ಮೆ ಎಂಟು ವಾರದವರೆಗೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಮುಂದೆ ಮೂರು ತಿಂಗಳಿಗೊಮ್ಮೆ. ಸಣ್ಣ ಮರಿಗೆ ಪೈರಾಂಟೆಲ್ ದ್ರಾವಣ ಸಾಕು. ಇಲಿ ಹಿಡಿಯುವ ಬೆಕ್ಕಿಗೆ ಲಾಡಿಹುಳಕ್ಕೂ ಬೇಕು, ಅದಕ್ಕೆ ಪ್ರಾಜಿಕ್ವಾಂಟೆಲ್ ಸೇರಿದ ಮಾತ್ರೆ. ಪ್ರಮಾಣ ತೂಕದ ಮೇಲೆ. ದಿನಸಿ ಅಂಗಡಿಯ ತಕ್ಕಡಿಯಲ್ಲಿ ಮರಿಯನ್ನು ತೂಗಿಸಿ ತೂಕ ಬರೆದುಕೊಂಡು ಹೋಗಿ. ಜಂತು ಔಷಧ ಕೊಟ್ಟು ವಾರದ ಮೇಲೆ ಲಸಿಕೆ ಎಂಬ ರೂಢಿ ಇದೆ. ಒಳ್ಳೆಯದೇ, ಆದರೆ ಔಷಧ ಮರೆತುಹೋಯಿತು ಎಂದು ಲಸಿಕೆಯ ದಿನವನ್ನು ಮುಂದೂಡಬೇಡಿ.

ಚಿಗಟದ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಹಾಲಿನ ಹಸು ಇರುವ ಮನೆಗಳಲ್ಲಿ ಉಣ್ಣೆಗೆ ತಂದ ಡೆಲ್ಟಾಮೆಥ್ರಿನ್ ಅಥವಾ ಅಮಿಟ್ರಾಜ್ ಬಾಟಲಿ ಇದ್ದೇ ಇರುತ್ತದೆ. ‘ಒಂದೆರಡು ತೊಟ್ಟು ಬೆಕ್ಕಿಗೂ’ ಎನ್ನುವುದು ಪ್ರಾಣಾಂತಿಕ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಇರುವ ಔಷಧವೂ ಅಷ್ಟೇ: ಬೆಕ್ಕಿನ ಯಕೃತ್ತು ಅದನ್ನು ಕರಗಿಸಲಾರದು, ಮೈ ನಡುಗಿ ಸೆಳವು ಬಂದು ಸಾಯುತ್ತದೆ. ಬೆಕ್ಕಿಗೆಂದೇ ಬರೆದಿರುವ, ಕತ್ತಿನ ಹಿಂದೆ ಬಿಡುವ ಹನಿಗಳು ಬೇರೆ ಸಿಗುತ್ತವೆ.

ಆದರೆ ರೇಷ್ಮೆ ಬೆಳೆಯುವವರು ಅಲ್ಲಿಯೂ ಎಚ್ಚರವಾಗಿರಬೇಕು. ಆ ಹನಿಗಳಲ್ಲಿರುವ ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್ ಕೀಟನಾಶಕಗಳೇ. ಚಿಗಟ ಸಾಯಿಸುವುದು ರೇಷ್ಮೆ ಹುಳುವನ್ನೂ ಸಾಯಿಸುತ್ತದೆ. ಹನಿ ಬಿಟ್ಟ ಬೆಕ್ಕು ಸೊಪ್ಪಿನ ರಾಶಿ ಮೇಲೆ ಮಲಗಿದರೆ ಬೆಳೆಗೇ ಪೆಟ್ಟು. ಅದನ್ನು ಹುಳದ ಮನೆಗೂ ಸೊಪ್ಪಿನ ಕೋಣೆಗೂ ಬಿಡಬೇಡಿ, ಔಷಧ ಹಚ್ಚಿದ ಕೈಯಲ್ಲಿ ಹುಳದ ತಟ್ಟೆ ಮುಟ್ಟಬೇಡಿ. ಹುಳದ ಮನೆಯಲ್ಲೇ ಇಲಿ ಕಾಯುವ ಬೆಕ್ಕಾದರೆ ಔಷಧದ ಗೋಜೇ ಬೇಡ, ಹೇನಿನ ಬಾಚಣಿಗೆಯಲ್ಲಿ ಬಾಚಿ ಚಿಗಟಗಳನ್ನು ಸೋಪಿನ ನೀರಿಗೆ ಹಾಕುವುದೇ ಕ್ಷೇಮ.

ಎಲ್ಲಿ ಹಾಕಿಸುವುದು

ಹೋಬಳಿ ಮಟ್ಟದ ಪಶು ಚಿಕಿತ್ಸಾಲಯ ನಡೆಯುವುದು ಮುಖ್ಯವಾಗಿ ಹಸು, ಎಮ್ಮೆ, ಕುರಿಗಾಗಿ. ರೇಬೀಸ್ ಲಸಿಕೆ ಅಲ್ಲಿ ಸಿಗಬಹುದು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಪಶುಪಾಲನಾ ಇಲಾಖೆಯ ಉಚಿತ ಶಿಬಿರಗಳೂ ನಡೆಯುತ್ತವೆ. ನಾಯಿಗಳ ಗದ್ದಲದಲ್ಲಿ ಬೆಕ್ಕು ಕೈಬಿಟ್ಟು ಓಡದಂತೆ ಮುಚ್ಚಿದ ಬುಟ್ಟಿಯಲ್ಲೇ ಒಯ್ಯಿರಿ. ತ್ರಿವಳಿ ಲಸಿಕೆಗೆ ಸಾಮಾನ್ಯವಾಗಿ ಪಟ್ಟಣದ ಖಾಸಗಿ ಪೆಟ್ ಕ್ಲಿನಿಕ್ ಹುಡುಕಬೇಕು, ಇಲ್ಲವೇ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬೇಕು. 1962ಕ್ಕೆ ಕರೆ ಮಾಡಿದರೆ ಬರುವ ಸಂಚಾರಿ ವಾಹನ ತುರ್ತು ಚಿಕಿತ್ಸೆಗೆ. ಬೆಕ್ಕಿನ ಲಸಿಕೆಗೆ ಅದನ್ನು ನಂಬಿ ಕೂರಬೇಡಿ.

ಹೋಗುವ ಎರಡು ದಿನ ಮೊದಲೇ ಫೋನ್ ಮಾಡಿ. ‘ಸರ್, ಬೆಕ್ಕಿನ ಮೂರರ ಲಸಿಕೆ ಫ್ರಿಜ್‌ನಲ್ಲಿ ಇದೆಯಾ, ತರಿಸಬೇಕಾ?’ ಎಂದು ಕೇಳಿ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಟ್ಟಿಗೆ ಹೇಳಿದರೆ ವೈದ್ಯರಿಗೂ ತರಿಸಲು ಉತ್ಸಾಹ. ಮೆಡಿಕಲ್ ಅಂಗಡಿಯಿಂದ ನೀವೇ ತರುವುದಾದರೆ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು, ಹೆಪ್ಪುಗಟ್ಟಲೂಬಾರದು. ಥರ್ಮೊಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಟ್ಟು, ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ, ಐಸಿಗೆ ನೇರ ತಾಗದಂತೆ ಇಡಿ. ಬೇಸಿಗೆಯಲ್ಲಿ ಶರ್ಟಿನ ಜೇಬಿನಲ್ಲಿ ಬಸ್ಸಿಗೆ ಹತ್ತಿಸಿದ ಲಸಿಕೆ ನೋಡಲು ಹಾಗೇ ಇರುತ್ತದೆ, ಒಳಗೆ ಸತ್ತಿರುತ್ತದೆ.

ಕ್ಲಿನಿಕ್‌ನಲ್ಲಿ ಸಂಕೋಚಪಡದೆ ಕಣ್ಣಿಟ್ಟು ನೋಡಬೇಕಾದ್ದಿಷ್ಟು. ಬಾಟಲಿಯ ಅವಧಿ ಮುಗಿದಿಲ್ಲ ತಾನೆ? ತ್ರಿವಳಿ ಲಸಿಕೆ ಸಾಮಾನ್ಯವಾಗಿ ಒಣ ಉಂಡೆಯ ರೂಪದಲ್ಲಿರುತ್ತದೆ, ಜೊತೆಯ ದ್ರವದಲ್ಲಿ ಕಲಸಿ ತಕ್ಷಣ ಚುಚ್ಚಬೇಕು. ಬೆಳಗ್ಗೆಯೇ ಕಲಸಿ ಸಿರಿಂಜಿನಲ್ಲಿಟ್ಟದ್ದು ಬೇಡ. ಮರಿ ಚಿಕ್ಕದೆಂದು ಅರ್ಧ ಡೋಸ್ ಕೊಡುವುದೂ ಬೇಡ. ಲಸಿಕೆಗೆ ತೂಕದ ಲೆಕ್ಕವಿಲ್ಲ. ಬಾಟಲಿಯ ಸ್ಟಿಕರ್ ಕಾರ್ಡಿಗೆ ಅಂಟಿಸಿ, ತಾರೀಖು, ಸಹಿ, ಮೊಹರು ಹಾಕಿಸಿಕೊಳ್ಳಿ. ಚುಚ್ಚಿದ್ದು ಯಾವ ಕಾಲಿನ ಕಡೆ ಎಂದೂ ಬರೆಸಿ, ಯಾಕೆಂದು ಮುಂದೆ ಹೇಳುತ್ತೇನೆ.

ಬೆಕ್ಕನ್ನು ಒಯ್ಯುವುದು

ಪೆಟ್ಟಿಗೆ ಕೊಳ್ಳಬೇಕೆಂದಿಲ್ಲ. ನಮ್ಮ ಕಡೆ ಟೊಮೆಟೊ ಕ್ರೇಟಿಗೆ ಬರವೇ? ಎರಡು ಕ್ರೇಟು ಬಾಯಿಗೆ ಬಾಯಿ ಸೇರಿಸಿ ಹಗ್ಗದಲ್ಲಿ ನಾಲ್ಕೂ ಮೂಲೆ ಕಟ್ಟಿದರೆ ಗಾಳಿಯಾಡುವ ಗಟ್ಟಿ ಗೂಡು. ಕೀಟನಾಶಕ ಸಾಗಿಸಿದ ಕ್ರೇಟು ಮಾತ್ರ ಬೇಡ. ಮೂರ್ನಾಲ್ಕು ದಿನ ಮೊದಲೇ ಕೆಳಗಿನ ಕ್ರೇಟಿನಲ್ಲಿ ಹಳೆಯ ಸೀರೆ ಹಾಸಿ ಊಟ ಅಲ್ಲೇ ಇಡಿ, ತಾನಾಗಿ ಹತ್ತಿ ಕೂರುತ್ತದೆ. ಹೊರಡುವ ದಿನ ಮೇಲೊಂದು ಬಟ್ಟೆ ಮುಚ್ಚಿ. ಕತ್ತಲಿದ್ದರೆ ಕೂಗಾಟ ಕಡಿಮೆ. ಗೋಣಿಚೀಲದಲ್ಲಿ ಕಟ್ಟಿ ಬೈಕಿಗೆ ನೇತುಹಾಕುವುದನ್ನು ಬಿಡಿ, ಬಿಸಿಲಿಗೆ ಉಸಿರುಕಟ್ಟುತ್ತದೆ. ಲಸಿಕೆಗೆ ಉಪವಾಸ ಬೇಕಿಲ್ಲ.

ಅಂದು ಜ್ವರ, ಭೇದಿ, ಊಟ ಬಿಟ್ಟಿರುವುದು ಇದ್ದರೆ ಲಸಿಕೆ ಮುಂದೂಡಿ, ಚಿಕಿತ್ಸೆ ಕೊಡಿಸಿ. ಬರೀ ಒಂದೆರಡು ಸೀನು ಬಂದದ್ದಕ್ಕೆ ಮುಂದೂಡಬೇಕೋ ಬೇಡವೋ ವೈದ್ಯರು ಹೇಳಲಿ.

ಚುಚ್ಚಿದ ಮೇಲೆ

ಅರ್ಧ ಗಂಟೆ ಕ್ಲಿನಿಕ್ ಹತ್ತಿರವೇ ಇರಿ. ಮುಖ ಊದುವುದು, ಮೇಲಿಂದ ಮೇಲೆ ವಾಂತಿ, ಏದುಸಿರು ಕಂಡರೆ ಅಲರ್ಜಿ. ತಕ್ಷಣ ಒಳಗೆ ಓಡಿ. ಇದು ಅಪರೂಪ. ಮಂಕಾಗಿ ಮಲಗುವುದು, ಒಂದೆರಡು ದಿನ ಊಟ ಕಡಿಮೆ, ಸಣ್ಣ ಜ್ವರ ಸಾಮಾನ್ಯ. ಮಂಕಾಗಿದೆಯೆಂದು ಮನುಷ್ಯರ ಪ್ಯಾರಾಸಿಟಮಾಲ್ ಚೂರು ಕೊಟ್ಟೀರಿ, ಜೋಕೆ. ಬೆಕ್ಕಿಗೆ ಅದು ವಿಷ, ಒಂದೇ ಮಾತ್ರೆ ಕೊಲ್ಲುತ್ತದೆ.

ಚುಚ್ಚಿದಲ್ಲಿ ಕಾಳಿನಷ್ಟು ಗಂಟು ಬಂದು ಕೆಲವು ವಾರಗಳಲ್ಲಿ ಕರಗುತ್ತದೆ. ಮೂರು ತಿಂಗಳಾದರೂ ಕರಗದಿದ್ದರೆ, ಎರಡು ಸೆಂಟಿಮೀಟರ್ ದಾಟಿದರೆ, ಅಥವಾ ಚುಚ್ಚಿ ಒಂದು ತಿಂಗಳ ಮೇಲೂ ಬೆಳೆಯುತ್ತಲೇ ಇದ್ದರೆ ತೋರಿಸಬೇಕು. ಬಹಳ ವಿರಳವಾಗಿ ಬೆಕ್ಕುಗಳಲ್ಲಿ ಚುಚ್ಚಿದ ಜಾಗದಲ್ಲಿ ಕ್ಯಾನ್ಸರ್ ಗಡ್ಡೆಯಾಗುತ್ತದೆ. ಭುಜಗಳ ನಡುವೆ ಚುಚ್ಚುವ ಬದಲು ಕಾಲಿನ ಕೆಳಭಾಗದಲ್ಲಿ ಚುಚ್ಚಿಸುವುದು, ಪ್ರತಿ ಸಲ ಜಾಗ ಬದಲಿಸಿ ಬರೆದಿಡುವುದು ಇದಕ್ಕಾಗಿಯೇ.

ರಕ್ಷಣೆ ಅಂದೇ ಬರುವುದಿಲ್ಲ. 16 ವಾರದ ಡೋಸ್ ಆಗಿ ಎರಡು ವಾರ ಕಳೆಯುವವರೆಗೆ ಮರಿಯನ್ನು ಬೀದಿಗೆ, ಬೇರೆ ಬೆಕ್ಕುಗಳ ಸಂಗಕ್ಕೆ ಬಿಡದಿದ್ದರೆ ಅರ್ಧ ಕೆಲಸ ಗೆದ್ದಂತೆ.

ದೊಡ್ಡ ಬೆಕ್ಕು, ಬಸುರಿ ಬೆಕ್ಕು

ಇತಿಹಾಸ ಗೊತ್ತಿಲ್ಲದ ದೊಡ್ಡ ಬೆಕ್ಕಿಗೆ ತ್ರಿವಳಿ ಲಸಿಕೆ ಮೂರ್ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ರೇಬೀಸ್ ಒಂದು. ಮುಂದೆ ಅಪಾಯ ಕಡಿಮೆಯಿರುವ ಬೆಕ್ಕಿಗೆ ತ್ರಿವಳಿಯನ್ನು ಮೂರು ವರ್ಷಕ್ಕೊಮ್ಮೆ ಸಾಕು ಎನ್ನುತ್ತವೆ ಅಂತಾರಾಷ್ಟ್ರೀಯ ಮಾರ್ಗಸೂಚಿಗಳು. ಇಲ್ಲಿ ವರ್ಷಕ್ಕೊಮ್ಮೆ ಹಾಕುವುದು ರೂಢಿ. ದುಡ್ಡು ಒಂದಕ್ಕೇ ಇದ್ದರೆ, ಬೀದಿನಾಯಿಗಳ ನಡುವೆ ಬದುಕುವ ನಮ್ಮ ಬೆಕ್ಕುಗಳಿಗೆ ರೇಬೀಸನ್ನು ವರ್ಷ ವರ್ಷ ತಪ್ಪಿಸದೆ ಹಾಕಿಸಿ.

ಬಸುರಿಗೆ ಜೀವಂತ ವೈರಸ್‌ನ ತ್ರಿವಳಿ ಲಸಿಕೆ ಬೇಡ, ನಾಲ್ಕು ವಾರದೊಳಗಿನ ಮರಿಗೂ ಬೇಡ. ಮರಿಯ ಚಿಕ್ಕಮಿದುಳು ಬೆಳೆಯದೆ ಹುಟ್ಟಾ ತೂರಾಡುವ ಅಪಾಯವಿದೆ. ಹೆಣ್ಣು ನಾಲ್ಕು–ಐದು ತಿಂಗಳಿಗೇ ಬೆದೆಗೆ ಬರಬಲ್ಲದು, ಹಾಗಾಗಿ ಲಸಿಕೆ ಮುಗಿದ ಕೂಡಲೇ, ಐದು ತಿಂಗಳ ಆಸುಪಾಸಿಗೆ ಸಂತಾನಹರಣ ಆಪರೇಷನ್ ಮಾಡಿಸಿಬಿಡಿ. ಗಂಡಿಗೂ ಮಾಡಿಸಿದರೆ ಕಾದಾಟದ ಗಾಯ, ಅದರಿಂದ ಹರಡುವ ರೋಗ ಎರಡೂ ತಗ್ಗುತ್ತವೆ.

ಮನೆಯಲ್ಲಿ ಪಾರ್ವೋ ಬಂದುಹೋಗಿದ್ದರೆ

ವಾಂತಿ ಶುರುವಾದ ಮರಿಯನ್ನು ಅದೇ ದಿನ ಒಯ್ಯಬೇಕು, ನಾಳೆ ನೋಡೋಣ ಎನ್ನುವಂತಿಲ್ಲ. ಗ್ಲೂಕೋಸ್ ನೀರು ಬಾಯಿಗೆ ಹೊಯ್ದು ಪ್ರಯೋಜನವಿಲ್ಲ, ಡ್ರಿಪ್ ಬೇಕು. ನಾಯಿ ಪಾರ್ವೋ ಪರೀಕ್ಷೆಯ ಕಿಟ್‌ನಲ್ಲೇ ಬೆಕ್ಕಿನ ಮಲವನ್ನೂ ಪರೀಕ್ಷಿಸಬಹುದು. ಬೆಕ್ಕಿನ ಕಿಟ್ ಇಲ್ಲ ಎಂದರೆ ಇದನ್ನು ನೆನಪಿಸಿ.

ಶುಚಿ ಮಾಡಲು ಫಿನಾಯಿಲ್ ತರಬೇಡಿ. ಬೆಕ್ಕು ಪಾದ ನೆಕ್ಕುವಾಗ ಅದು ಹೊಟ್ಟೆಗೆ ಹೋಗಿ ವಿಷವಾಗುತ್ತದೆ. ಸ್ಯಾನಿಟೈಸರ್‌ಗೂ ಈ ವೈರಸ್ ಬಗ್ಗುವುದಿಲ್ಲ. ಬೇಕಾದ್ದು ರೇಷ್ಮೆ ಬೆಳೆಗಾರರ ಮನೆಯಲ್ಲಿ ಆಗಲೇ ಇದೆ: ಬ್ಲೀಚಿಂಗ್ ಪುಡಿ. ಹುಳದ ಮನೆಗೆ ಶೇ. 2ರ ಬ್ಲೀಚಿಂಗ್ ಪುಡಿ, ಶೇ. 0.3ರ ಸುಣ್ಣದ ದ್ರಾವಣ ಹೊಡೆಯುವವರಿಗೆ ಕೆಲಸ ಹೊಸದಲ್ಲ. ಬೆಕ್ಕಿನ ಜಾಗಕ್ಕೆ ಲೀಟರ್ ನೀರಿಗೆ 10 ಗ್ರಾಂ ಹೊಸ ಪುಡಿ ಸಾಕು. ಮೊದಲು ಸೋಪಿನ ನೀರಲ್ಲಿ ಕಸ, ಮಲ ಪೂರ್ತಿ ಉಜ್ಜಿ ತೆಗೆಯಿರಿ. ಗಲೀಜಿನ ಮೇಲೆ ಸುರಿದ ಬ್ಲೀಚ್ ಸತ್ತುಹೋಗುತ್ತದೆ. ಆಮೇಲೆ ದ್ರಾವಣ ಹತ್ತು ನಿಮಿಷ ನೆಲದ ಮೇಲೆ ಒದ್ದೆಯಾಗಿ ನಿಲ್ಲಲಿ, ತೊಳೆದು ಒಣಗಿಸಿ. ಹಾಸಿಗೆ, ಗೋಣಿ ಸುಟ್ಟುಬಿಡಿ. ಸಗಣಿ ಸಾರಿಸಿದ ನೆಲ, ಮಣ್ಣಿನಂಗಳ ಹೀಗೆ ಶುದ್ಧವಾಗುವುದಿಲ್ಲ. ಅಂಥ ಮನೆಗೆ ಹೊಸ ಮರಿ ಬೇಡವೇ ಬೇಡ. ತರುವುದಾದರೆ ಲಸಿಕೆ ಮುಗಿದು ಎರಡು ವಾರವಾದ ಬೆಕ್ಕನ್ನೇ ತನ್ನಿ.

ಪರಚಿದರೆ, ಕಚ್ಚಿದರೆ

ಬೆಕ್ಕಿಗೆ ರೇಬೀಸ್ ಬರುವುದು ಹೆಚ್ಚಾಗಿ ನಾಯಿ ಕಡಿತದಿಂದ. ಸಾಧುವಾಗಿದ್ದದ್ದು ಕಾರಣವಿಲ್ಲದೆ ಮೈಮೇಲೆ ಎರಗುವುದು, ಕತ್ತಲ ಮೂಲೆ ಸೇರುವುದು, ಜೊಲ್ಲು, ದವಡೆ ಜೋಲುವುದು ಲಕ್ಷಣಗಳು. ನಿಮ್ಮ ಬೆಕ್ಕನ್ನು ನಾಯಿ ಕಚ್ಚಿದರೆ ಲಸಿಕೆ ಆಗಿದ್ದರೂ ಅದೇ ದಿನ ವೈದ್ಯರ ಬಳಿ ಬೂಸ್ಟರ್ ಹಾಕಿಸಬೇಕು.

ಅಂದಹಾಗೆ, 1885ರಲ್ಲಿ ಮನುಷ್ಯನಿಗೆ ಮೊದಲು ರೇಬೀಸ್ ಲಸಿಕೆ ಕೊಡಿಸಿದ ಲೂಯಿ ಪಾಶ್ಚರ್, ಅದಕ್ಕೆ ಇಪ್ಪತ್ತು ವರ್ಷ ಮೊದಲು ರೇಷ್ಮೆ ಹುಳುವಿನ ಗಂಟುರೋಗದ ಬೆನ್ನು ಹತ್ತಿದ್ದವರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆ ಆರಿಸುವ ಪದ್ಧತಿ ಅವರದೇ. ಶಿಡ್ಲಘಟ್ಟದ ಬೆಳೆಗಾರರು ಅವರಿಗೆ ಎರಡು ಕಡೆಯಿಂದ ಋಣಿಗಳು.

ಮನುಷ್ಯರಿಗೆ ಬೆಕ್ಕು ಕಚ್ಚಿದರೆ, ರಕ್ತ ಬರದಂತೆ ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಕಾರದಪುಡಿ, ಸುಣ್ಣ, ಕಾಫಿಪುಡಿ ಮೆತ್ತಬೇಡಿ, ನಾಟಿ ಔಷಧಿಗೆ ಅಲೆಯಬೇಡಿ. ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಿ, ಹೊಲಿಗೆ ಬೇಡವೆನ್ನಿ, ನೇರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಯ ದಿನಗಳು 0, 3, 7, 28. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ರೇಬೀಸ್ ಇಮ್ಯುನೊಗ್ಲೋಬುಲಿನ್ (ಸಿದ್ಧ ರೋಗನಿರೋಧಕ ಅಂಶದ ಚುಚ್ಚುಮದ್ದು) ಕೂಡ ಬೇಕು, ಕೇಳಿ ಪಡೆಯಿರಿ. ಕಚ್ಚಿದ ಬೆಕ್ಕನ್ನು ಹೊಡೆಯದೆ, ಓಡಿಸದೆ ಹತ್ತು ದಿನ ಕೂಡಿಹಾಕಿ ನೋಡಿಕೊಳ್ಳಿ. ಅದು ಆರೋಗ್ಯವಾಗಿಯೇ ಉಳಿದರೆ ಮುಂದಿನ ಡೋಸುಗಳ ವಿಷಯ ವೈದ್ಯರು ತೀರ್ಮಾನಿಸುತ್ತಾರೆ. ಹೋಗುವಾಗ ಬೆಕ್ಕಿನ ಲಸಿಕೆ ಕಾರ್ಡ್ ಇದ್ದರೆ ಒಯ್ಯಿರಿ. ಹುಡುಕುತ್ತಾ ಕೂತು ಹೊರಡುವುದನ್ನು ತಡ ಮಾಡಬೇಡಿ.